ಮಂಜುಪ್ಪು

ಅಡುಗೆಮನೆಯ ನಲ್ಲಿ ಎಷ್ಟು ಹೊತ್ತು ಹರಿಯಿತೆಂದು ಮುನ್ನೆಚ್ಚರಿಕೆ ಎಂಬ ಅಡ್ಡಹೆಸರಿನವನು ಕಿವಿಯಲ್ಲೇ ಅಳೆದು ನೋಡಿದ. ಬಹಳ ಹೊತ್ತೇನಲ್ಲ. ಒಂದು ಲೋಟ ತೊಳೆಯುವಷ್ಟು ಹೊತ್ತು. ಹೆಂಡತಿ ಕೈ ತೊಳೆದಳೋ, ಲೋಟ ತೊಳೆದಳೋ, ಒಲೆಯ ಮೇಲಿಡಲು ಪಾತ್ರೆಗೆ ನೀರು ಹಿಡಿದಳೋ, ಗೋಡೆಯ ಈಚೆಗಿದ್ದವನಿಗೆ ಗೊತ್ತಾಗುವಂತಿರಲಿಲ್ಲ. ಅವನು ಮಾವನ ಮನೆಯ ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ನಿಂತಿದ್ದ. ಮೊಣಕೈವರೆಗೆ ರಬ್ಬರ್ ಗ್ಲೋವ್ಸು, ಮುಖದ ಅರ್ಧವನ್ನು ನುಂಗಿದ ರಕ್ಷಣಾ ಕನ್ನಡಕ, ಎದೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಏಪ್ರನ್ನು. ಬಾಗಿಲಿನಲ್ಲಿ ಮಾವ, ಷಡ್ಡಕ, ಷಡ್ಡಕನ ಹೆಂಡತಿ ಮೂವರೂ ಕತ್ತು ಮೇಲೆತ್ತಿ ಕಿಟಕಿಯ ಗಾಜನ್ನು ನೋಡುತ್ತಿದ್ದರು. ಬೆಳಿಗ್ಗೆಯವರೆಗೆ ಎದುರು ಮನೆಯ ಮಹಡಿಯನ್ನೂ ಅಲ್ಲಿ ಒಣಹಾಕಿದ ಬಟ್ಟೆಯನ್ನೂ ಬಿಚ್ಚಿ ತೋರಿಸುತ್ತಿದ್ದ ಗಾಜು ಈಗ ಹಾಲು ಬೆರೆತ ನೀರಿನ ಬಣ್ಣಕ್ಕೆ ತಿರುಗಿ, ಬೆಳಕನ್ನು ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ಆಚೆಯೇ ನಿಲ್ಲಿಸಿತ್ತು. "ಭೇಷ್ ಅಳಿಯಂದ್ರೇ!" ಎಂದರು ಮಾವ. ಒಂದು ವಾರದಿಂದ ಅವನು ಮನಸ್ಸಿನೊಳಗೇ ಕೇಳಿಸಿಕೊಳ್ಳುತ್ತಿದ್ದ ಮಾತು ಅದು. ಈಗ ನಿಜವಾಗಿ ಬಂದಾಗ ಕಿವಿ ಅಡುಗೆಮನೆಯ ಕಡೆಗಿತ್ತು. ಯಾಕೆಂದರೆ ತುಸು ಮುಂಚೆ ಹೆಂಡತಿ ಬರಿಗೈಯಲ್ಲಿ ಕಿಟಕಿಯ ಕಟ್ಟೆ ಒರೆಸಿ, ಆ ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಾಡಿಸಿ, ಎರಡೂ ಕೈಯಲ್ಲಿ ಹಿಂಡಿ ಒಣಹಾಕಿ ಒಳಗೆ ಹೋಗಿದ್ದಳು. ಅದನ್ನು ನೋಡಿದವನು ಅವನೊಬ್ಬನೇ.

ಮುನ್ನೆಚ್ಚರಿಕೆ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗಾಜಿಗೆ ಮಂಜು ಹಿಡಿಸುವ ಕಾರ್ಖಾನೆಯಲ್ಲಿ ಅವನು ಸುರಕ್ಷತಾ ಅಧಿಕಾರಿ. ಸುಗಂಧದ ಶೀಶೆ, ದೀಪದ ಬುರುಡೆ, ದೊಡ್ಡ ಮನುಷ್ಯರ ಕಚೇರಿಯ ಬಾಗಿಲು ಎಲ್ಲವೂ ಅಲ್ಲಿಗೆ ನಿಚ್ಚಳವಾಗಿ ಬಂದು ಮಸುಕಾಗಿ ಹೋಗುತ್ತವೆ. ಮಸುಕಾದ ಮೇಲೆ ಅವುಗಳ ಬೆಲೆ ಹೆಚ್ಚು. ಈ ಕೆಲಸ ಮಾಡುವುದು ಒಂದು ಬಿಳಿಯ ಉಪ್ಪು. ಡಬ್ಬಿಯ ಮೇಲೆ ಅಮೋನಿಯಂ ಬೈಫ್ಲೋರೈಡ್ ಎಂದು ಬರೆದಿರುತ್ತದೆ, ಕೆಲಸಗಾರರು ಮಂಜುಪ್ಪು ಎನ್ನುತ್ತಾರೆ. ಹೊಸಬರು ಸೇರಿದಾಗಲೆಲ್ಲ ಅವರನ್ನು ಸಾಲಾಗಿ ಕೂರಿಸಿ ಅವನು ಭಾಷಣ ಮಾಡುತ್ತಾನೆ. "ನೋಡೋಕೆ ಅಡುಗೆಮನೆ ಉಪ್ಪಿನಷ್ಟೇ ಸಾಧು. ನೀರಿಗೆ ಹಾಕಿದ್ರೆ ಗದ್ದಲ ಇಲ್ಲದೆ ಕರಗುತ್ತೆ, ನೀರು ಇನ್ನಷ್ಟು ತಣ್ಣಗಾಗುತ್ತೆ. ಆದರೆ ಗಾಜು ತಿನ್ನುತ್ತೆ. ಗಾಜಿನ ಬಾಟ್ಲಿಯಲ್ಲಿಟ್ರೆ ಬಾಟ್ಲಿಯೇ ಅದಕ್ಕೆ ಊಟ. ಅದಕ್ಕೇ ಪ್ಲಾಸ್ಟಿಕ್ ಡಬ್ಬಿ. ಲಾಂಡ್ರಿಯೋರು ಬಟ್ಟೆ ಮೇಲಿನ ತುಕ್ಕಿನ ಕಲೆಗೆ, ಡೈರಿಯೋರು ಪೈಪಿನೊಳಗೆ ಕಟ್ಟಿದ ಕೊಳೆಗೆ, ಅಲ್ಯುಮಿನಿಯಂನೋರು ಹೊಳಪಿಗೆ, ಎಲ್ಲರೂ ಇದರ ಕೈಕಾಲು ಹಿಡೀತಾರೆ. ಒಳ್ಳೆ ಕೆಲಸದ ಆಳು. ಆದರೆ ಒದ್ದೆಯಾಗಿದ್ದಾಗ ಚರ್ಮಕ್ಕೆ ತಾಗ್ತು ಅನ್ನಿ, ಬೇರೆ ಆಸಿಡ್ ಥರ ಚುರ್ ಅನ್ನಲ್ಲ. ಸದ್ದಿಲ್ಲದೆ ಒಳಗಿಳಿದು ಮೂಳೆಯಲ್ಲಿರೋ ಕ್ಯಾಲ್ಸಿಯಂ ಹುಡುಕಿಕೊಂಡು ಹೋಗುತ್ತೆ. ಜಾಸ್ತಿ ಹೋದ್ರೆ ಎದೆಬಡಿತಕ್ಕೇ ಕೈ ಹಾಕುತ್ತೆ. ಮೇಲೆ ನೋಡಿದ್ರೆ ಒಂದು ಗುಳ್ಳೆನೂ ಇಲ್ಲ. ನೀವು ಮನೆಗೆ ಹೋಗ್ತೀರಿ, ಊಟ ಮಾಡ್ತೀರಿ, ಮಲಗ್ತೀರಿ." ಇಲ್ಲಿ ಅವನು ನಿಲ್ಲಿಸಿ ಎದುರಿಗಿರುವ ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ. "ನೋವು ಆಮೇಲೆ ಬರುತ್ತೆ." ಈ ಒಂದು ವಾಕ್ಯಕ್ಕಾಗಿ ಅವನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದುಂಟು, ಎಲ್ಲಿ ಉಸಿರೆಳೆಯಬೇಕು, ಎಲ್ಲಿ ಹುಬ್ಬೇರಿಸಬೇಕು ಎಲ್ಲವೂ ಪಕ್ಕಾ. ಭಾಷಣ ಮುಗಿಸಿ ಹೊರಡುವಾಗ ಬೆನ್ನ ಹಿಂದೆ ಯಾರೋ, "ಮುನ್ನೆಚ್ಚರಿಕೆ ಬಂತು, ದಾರಿ ಬಿಡ್ರೋ" ಎನ್ನುವುದು ಅವನ ಕಿವಿಗೂ ಬೀಳುತ್ತದೆ. ಕೇಳಿಸದವನಂತೆ ನಡೆಯುವುದನ್ನು ಅವನು ಅಧಿಕಾರದ ಒಂದು ಭಾಗವೆಂದೇ ತಿಳಿದಿದ್ದಾನೆ.

ಇವತ್ತು ಸ್ಟೂಲಿನ ಮೇಲೆ ನಿಂತು ಮಾಡಿದ್ದೂ ಅದೇ ಭಾಷಣ. ಹೆಂಡತಿಯ ತವರಿನವರ ಮುಂದೆ ಅದನ್ನು ಒಪ್ಪಿಸುವ ಭಾಗ್ಯ ಇದುವರೆಗೆ ಸಿಕ್ಕಿರಲಿಲ್ಲ. ಗಾಜಿಗೆ ಮಂಜುಪ್ಪಿನ ಲೇಪ ಬಳಿದು, ಕಾದು, ಮೊದಲ ಚೊಂಬು ನೀರು ಹೊಯ್ದು, "ಆಯ್ತು, ಇನ್ನು ಬರೀ ನೀರು, ಯಾರೂ ಹೆದರಬೇಕಾಗಿಲ್ಲ" ಎಂದು ಸಾರಿದವನೂ ಅವನೇ. ಹಾಗೆನ್ನಬಾರದಿತ್ತು. ಲೇಪದ ಬಹುಪಾಲು ಇಳಿಯುವುದೇ ಆ ಮೊದಲ ನೀರಿನಲ್ಲಿ. ಅದು ಗಾಜಿನಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಕಟ್ಟೆಗೆ ಇಳಿದು ಸೋಪಿನ ಪೆಟ್ಟಿಗೆಯ ಸುತ್ತ ಬೆಳ್ಳಗೆ ನಿಂತಿತು. ಕೊಳೆ ನಿಂತದ್ದನ್ನು ಕಂಡು ಸುಮ್ಮನಿರುವ ಜಾಯಮಾನ ಹೆಂಡತಿಯದಲ್ಲ. ಗಂಡನೇ ಬರೀ ನೀರು ಅಂದಮೇಲೆ ಇನ್ನೇನು, ಬಟ್ಟೆ ತಂದಳು. ಅದೇ ಹೊತ್ತಿಗೆ ಷಡ್ಡಕ ಬಾಗಿಲಿಗೆ ಒರಗಿಕೊಂಡು, "ಅಲ್ಲಪ್ಪಾ, ಅಷ್ಟು ಭಯಂಕರ ಅಂದ್ರೆ ಇದನ್ನ ಮನೆಗ್ಯಾಕೆ ತಂದೆ?" ಎಂದು ಕೇಳಿದ. "ಗೊತ್ತಿದ್ದೋರ ಕೈಯಲ್ಲಿದ್ರೆ ಏನೂ ಮಾಡಲ್ಲ ಭಾವ" ಎಂದು ಇವನು ಗತ್ತಿನಿಂದ ಉತ್ತರಿಸಿ ತಲೆ ತಿರುಗಿಸಿದರೆ ಅವಳು ಬಟ್ಟೆ ಹಿಂಡುತ್ತಿದ್ದಳು. ಬೆರಳ ಸಂದಿಯಿಂದ ಬಿಳಿನೀರು ಸೋರುತ್ತಿತ್ತು. ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದು, "ಇದರಲ್ಲಿ ಮುಖ್ಯ ಏನಪ್ಪಾ ಅಂದ್ರೆ, ಮುಟ್ಟಿದ್ದು ಮುಟ್ಟಿದೋರಿಗೇ ಗೊತ್ತಾಗಲ್ಲ" ಎಂಬ ಭಾಷಣದ ಮುಂದಿನ ವಾಕ್ಯ. ಉಸಿರೆಳೆಯಬೇಕಾದ ಕಡೆ ಉಸಿರನ್ನೂ ಎಳೆದ.

ಆಗಲೇ ಹೇಳಿದ್ದರೆ ಆಗುತ್ತಿದ್ದುದಾದರೂ ಏನು? "ಏಯ್, ಬಿಡು ಅದನ್ನ, ಕೈ ತೊಳಿ." ಇಷ್ಟೇ ತಾನೆ. ಷಡ್ಡಕ ಒಂದು ಸಲ ನಗುತ್ತಿದ್ದ, ಮುಗಿಯುತ್ತಿತ್ತು. ಆದರೆ ಷಡ್ಡಕನ ನಗು ಅಷ್ಟು ಸುಲಭಕ್ಕೆ ಮುಗಿಯುವಂಥದ್ದಲ್ಲ. ಅವನು ಅದೇ ಕಾರ್ಖಾನೆಯ ಉತ್ಪಾದನಾ ಮ್ಯಾನೇಜರು. ಇವನಿಗೆ ಅಲ್ಲಿ ಕೆಲಸ ಕೊಡಿಸಿದವನು, ಕೊಡಿಸಿದ್ದನ್ನು ಮರೆಯದವನು, ಮರೆಯಲು ಬಿಡದವನು. ಹೊರಗಿನವರು ಬಂದಾಗ, "ಇವನು ನಮ್ಮ ಹುಡುಗ" ಎಂದು ಪರಿಚಯ ಮಾಡಿಸುತ್ತಾನೆ. ಹುಡುಗನ ಕಿವಿಯ ಮೇಲೆ ನರೆ ಬಂದಿದೆ. ಮಾವ ರೈಲಿನಲ್ಲಿ ಟಿಕೆಟ್ ಪರೀಕ್ಷೆ ಮಾಡಿಕೊಂಡಿದ್ದು ನಿವೃತ್ತರಾದವರು, ಬೆಳಕಿಲ್ಲದೆ ಸ್ನಾನ ಮಾಡಲಾರರು, ಪರದೆ ಕಟ್ಟಿದರೆ ಕಿತ್ತು ಬಿಸಾಡುತ್ತಾರೆ. ಎದುರು ಮಹಡಿಯ ಹೆಂಗಸು ಕೊನೆಗೆ ತಾಳಲಾರದೆ, "ನಿಮ್ಮ ತಂದೆಯೋರು ಬೆನ್ನು ಉಜ್ಜಿಕೊಳ್ಳೋದು ನಮ್ಮ ಊಟದ ಮೇಜಿಗೆ ಕಾಣ್ಸುತ್ತೆ" ಎಂದು ದೂರು ಹೇಳಿಕಳಿಸಿದ್ದಳು. "ಒಂದು ಮಂಜುಗಾಜು ಕಳಿಸ್ತೀನಿ ಬಿಡಿ ಮಾವ, ನಮ್ಮದೇ ಫ್ಯಾಕ್ಟರಿ" ಎಂದು ಷಡ್ಡಕ ಪ್ರತಿ ಸಲ ಬಂದಾಗಲೂ ಹೇಳಿದ, ಕಳಿಸಲಿಲ್ಲ. ಆ ಖಾಲಿ ಜಾಗವನ್ನು ಮುನ್ನೆಚ್ಚರಿಕೆ ಕಂಡುಕೊಂಡ. ಬದುಕಿನಲ್ಲಿ ಒಂದೇ ಒಂದು ವಿಷಯದಲ್ಲಿ ದೊಡ್ಡ ಅಳಿಯನಿಗಿಂತ ಮೇಲು ಎನಿಸಿಕೊಳ್ಳಬೇಕೆಂಬ ಆಸೆಗೆ ಮಾವನ ಬಚ್ಚಲ ಕಿಟಕಿ ಒದಗಿಬಂದಿತ್ತು. ದಿನಾ ಸಂಜೆ ಗೇಟಿನಲ್ಲಿ ನಿಂತು ಕೆಲಸಗಾರರ ಚೀಲ ಬಿಚ್ಚಿಸಿ ನೋಡುವವನು ಅವನೇ ಆದ್ದರಿಂದ ಅವನ ಚೀಲವನ್ನು ಬಿಚ್ಚಿಸುವವರು ಇರಲಿಲ್ಲ. ಊಟದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲೇಪ ತುಂಬಿಕೊಂಡು, ತನ್ನಿಂದ ತಾನೇ ಅನುಮತಿ ಪಡೆದು, ತನಗೆ ತಾನೇ ಎಚ್ಚರಿಕೆ ಹೇಳಿಕೊಂಡು ಹೊರಬಿದ್ದಿದ್ದ.

ಊಟಕ್ಕೆ ಕೂತಾಗ ಮಾವ ಮೇಜಿನ ಆ ತುದಿಯಿಂದಲೂ ಬಚ್ಚಲ ಬಾಗಿಲು ತೆರೆದಿಟ್ಟು ಗಾಜನ್ನು ನೋಡುತ್ತಿದ್ದರು. ಷಡ್ಡಕ, "ಇಷ್ಟಕ್ಕೆಲ್ಲ ಬಾಹ್ಯಾಕಾಶಕ್ಕೆ ಹೊರಟೋನ ಥರ ವೇಷ ಬೇಕಿತ್ತಾ? ಬಜಾರಿನಲ್ಲಿ ಅಂಟಿಸೋ ಹಾಳೆ ಸಿಗುತ್ತೆ" ಎಂದು ಕಾಲೆಳೆದ. ಬೇರೆ ದಿನವಾದರೆ ಆ ಮಾತು ರಾತ್ರಿಯೆಲ್ಲ ಚುಚ್ಚುತ್ತಿತ್ತು. ಇವತ್ತು ಚುಚ್ಚಲು ಜಾಗವೇ ಇರಲಿಲ್ಲ. ಹೆಂಡತಿ ಅನ್ನ ಬಡಿಸುತ್ತಿದ್ದಳು. ಸೌಟು ಹಿಡಿದ ಬಲಗೈ ಅವನ ತಟ್ಟೆಯ ಮೇಲೆ ಬಾಗಿತು. ಅವನು ಕೈಯನ್ನು ನೋಡಿದ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವಳ ಕೈಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಎಣ್ಣೆ ಸಿಡಿದ ಹಳೆಯ ಕಲೆ, ಉಗುರಿನ ಪಕ್ಕ ಎದ್ದ ಸಿಪ್ಪೆ. ಆ ಸಿಪ್ಪೆ ಎದ್ದ ಜಾಗದಲ್ಲಿ ಚರ್ಮ ತೆಳು, ಅಲ್ಲಿಂದ ಇಳಿಯುವುದು ಸುಲಭ ಎಂದು ಅವನಿಗೆ ತಕ್ಷಣ ಹೊಳೆಯಿತು. ಕಲಿತ ವಿದ್ಯೆ ಇಂಥ ಹೊತ್ತಿನಲ್ಲಿ ಕೈಬಿಡುವುದಿಲ್ಲ.

"ಕೈ ತೊಳ್ಕೊಂಡ್ಯಾ?" ಎಂದ.

"ಯಾವಾಗ?"

"ಈಗ. ಬಡಿಸೋಕೆ ಮುಂಚೆ. ಸೋಪು ಹಚ್ಚಿ ತೊಳ್ಕೊಂಡ್ಯಾ?"

ಅವಳ ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, "ಯಾಕ್ರೀ, ನಮ್ಮಪ್ಪನ ಮನೆ ಊಟ ಅಷ್ಟು ಗಲೀಜು ಅನ್ನಿಸ್ತಾ ನಿಮಗೆ?" ಎಂದಳು.

"ಬಿಡೇ, ರಜೆ ದಿನಾನೂ ಅವನಿಗೆ ಡ್ಯೂಟಿ" ಎಂದ ಷಡ್ಡಕ. "ಫ್ಯಾಕ್ಟರೀಲಿ ಯಾರೂ ಕೇಳಲ್ಲ, ಇಲ್ಲಾದ್ರೂ ಹೇಳ್ಲಿ ಪಾಪ."

ಹೆಂಡತಿಯ ಮುಖ ಕೆಂಪಾಯಿತು. ಸೌಟನ್ನು ಸದ್ದಾಗುವಂತೆ ಇಟ್ಟು ಎದ್ದು ಹೋದಳು. ನಲ್ಲಿ ಹರಿಯಿತು. ಅವನು ಉಸಿರು ಬಿಗಿಹಿಡಿದು ಕೇಳಿದ, ಇನ್ನೂ ಹರಿಯಲಿ, ಇನ್ನೂ ಎಂದು ಬೇಡಿಕೊಂಡ. ನಿಂತೇಹೋಯಿತು. ಸಿಟ್ಟು ಬಂದವರು ಎಷ್ಟು ಹೊತ್ತು ಕೈ ತೊಳೆಯುತ್ತಾರೆ? ಅವಳು ಬಂದು ಎರಡೂ ಅಂಗೈ ಅವನ ಮೂಗಿನ ಮುಂದೆ ಹಿಡಿದು, "ನೋಡ್ಕೊಳ್ಳಿ. ಆಯ್ತಾ? ಉಗುರೂ ತೋರಿಸ್ಲಾ?" ಎಂದಳು. ಕಣ್ಣಲ್ಲಿ ನೀರಿತ್ತು. ತವರಿನವರ ಮುಂದೆ ಗಂಡ ಹೀಗೆ ಮಾಡಬಾರದಿತ್ತು. ಕೈಗಳು ಚೆನ್ನಾಗಿದ್ದವು, ಒಂದು ಮಚ್ಚೆಯೂ ಇರಲಿಲ್ಲ. ಚೆನ್ನಾಗಿರುವುದೇ ಅವನನ್ನು ಹೆದರಿಸಿತು. ಬೇರೆ ಯಾವ ಗಂಡನಾದರೂ ಆ ಕೈ ನೋಡಿ ನಿಶ್ಚಿಂತೆಯಿಂದ ಊಟ ಮುಂದುವರಿಸುತ್ತಿದ್ದ. ಅವನು ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತ.

ಊಟವಾದ ಮೇಲೆ ಮನೆ ಮಲಗಿತು. ಮಾವ ಆರಾಮಕುರ್ಚಿಯಲ್ಲಿ, ಷಡ್ಡಕ ಸೋಫಾದ ಮೇಲೆ ಬಾಯಿ ತೆರೆದುಕೊಂಡು, ಅಕ್ಕತಂಗಿಯರು ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು. ಅವರ ಪಿಸುಮಾತಿನಲ್ಲಿ ತನ್ನ ವಿಚಾರವೇ ನಡೆದಿದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವನು ನಡುಮನೆಯ ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡು ತನ್ನ ಪರವಾಗಿ ವಾದ ಹೂಡಿದ. ಲೇಪ ಹಳೆಯದು. ಬಕೆಟ್ಟಿನಲ್ಲಿ ಬೇಕಾದಷ್ಟು ನೀರಿತ್ತು. ಪಾತ್ರೆ ತಿಕ್ಕಿ ತಿಕ್ಕಿ ಅವಳ ಕೈಯ ಚರ್ಮ ದಪ್ಪವಾಗಿದೆ. ಎರಡು ಸಲ ತೊಳೆದಿದ್ದಾಳೆ, ಒಂದು ಸಲವಾದರೂ ಸೋಪು ಹಚ್ಚಿರಬೇಕು. ಕಾರ್ಖಾನೆಯಲ್ಲಿ ಯಾವನಾದರೂ ಬಂದು ಇದೇ ಮಾತು ಹೇಳಿದ್ದರೆ ಮುನ್ನೆಚ್ಚರಿಕೆ ಅವನನ್ನು ಇಡೀ ಪಾಳಿಯ ಮುಂದೆ ನಿಲ್ಲಿಸಿ ನೀರಿಳಿಸುತ್ತಿದ್ದ. ತೊಳೆಯುವ ವಿಭಾಗದ ಹೆಂಗಸೊಬ್ಬಳು ಹಿಂದೊಮ್ಮೆ ಬೆರಳು ಎತ್ತಿ ಹಿಡಿದುಕೊಂಡು ಅವನ ಮೇಜಿನ ಮುಂದೆ ನಿಂತಿದ್ದಳು. ಒಳಗಿಂದ ಕೊರೀತಿದೆ ಸಾರ್ ಎಂದಳು. ಅವನು ಬೆರಳನ್ನು ಹಿಂದೆ ಮುಂದೆ ತಿರುಗಿಸಿ, "ಏನೂ ಕಾಣ್ತಿಲ್ಲವಲ್ಲಮ್ಮಾ" ಎಂದು ವಾಪಸು ಕಳಿಸಿದ್ದ. ಮಾರನೆಯ ದಿನ ಉಗುರು ಕಪ್ಪಾಗಿ ಆಸ್ಪತ್ರೆ ಸೇರಿದಳು. ಆಮೇಲೆ ಅವಳು ಅವನ ಭಾಷಣಕ್ಕೆ ಒಂದು ಉದಾಹರಣೆಯಾದಳು: "ಒಬ್ಬ ಹೆಂಗಸು ತಡವಾಗಿ ಹೇಳಿದ್ಳು, ಉಗುರು ಕಳ್ಕೊಂಡ್ಳು. ನೀವು ಹಾಗೆ ಮಾಡಬೇಡಿ." ಕೇಳುವವರು ತಲೆಯಾಡಿಸುತ್ತಿದ್ದರು. ಅವಳೂ ಒಂದು ಸಲ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದಳು. ಅವಳ ಮುಖ ಈಗ ಮಾವನ ಮನೆಯ ಫ್ಯಾನಿನ ಕೆಳಗೆ ಬಂದು ನಿಂತಿತು. ಅವನು ಮಗ್ಗುಲು ಬದಲಿಸಿದ.

ಔಷಧಿ ಇಲ್ಲವೆಂದಲ್ಲ. ಕ್ಯಾಲ್ಸಿಯಂ ಮುಲಾಮಿನ ಟ್ಯೂಬು ಕಾರ್ಖಾನೆಯ ಬೀರುವಿನಲ್ಲಿದೆ. ಹಚ್ಚಿ ತಿಕ್ಕುತ್ತ ಹೋದರೆ ಒಳಗಿಳಿದ ವಿಷ ಮೂಳೆಯನ್ನು ಬಿಟ್ಟು ಮುಲಾಮಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಅಷ್ಟು ಸರಳ. ಚಳಿಗಾಲದಲ್ಲಿ ಕೆಲಸಗಾರರು ಅದನ್ನು ಕೈ ಒಡಕಿಗೆ ಹಚ್ಚಿಕೊಳ್ಳುತ್ತಿದ್ದಾರೆ ಎಂದು ಸುಳಿವು ಸಿಕ್ಕಿ ಅವನೇ ಬೀರುವಿಗೆ ಬೀಗ ಹಾಕಿಸಿದ್ದ. ಒಂದು ಕೀಲಿ ಅವನ ಜೇಬಿನಲ್ಲಿ, ಇನ್ನೊಂದು ಷಡ್ಡಕನ ಗೊಂಚಲಿನಲ್ಲಿ. ಈಗಲೇ ಎದ್ದು ಹೋದರೆ ಸಂಜೆಯ ಒಳಗೆ ತಂದುಬಿಡಬಹುದು. ಟ್ಯೂಬು ತರುವುದು ಕಷ್ಟವಲ್ಲ. ಅದನ್ನು ಅವಳ ಕೈಗೆ ಹಚ್ಚುವಾಗ ಆಡಬೇಕಾದ ಮಾತನ್ನು ಎಲ್ಲಿಂದ ತರುವುದು? ಆ ಮಾತು ಹೊತ್ತು ಹೋದಂತೆ ಬೆಳೆಯುತ್ತಿತ್ತು. ಬೆಳಿಗ್ಗೆ ಅದು "ಕೈ ತೊಳಿ" ಎಂಬಷ್ಟೇ ಇತ್ತು. ಊಟದ ಹೊತ್ತಿಗೆ "ಹೇಳೋಕೆ ಮರೆತೆ" ಎಂದು ಸೇರಿಸಬೇಕಾಗಿತ್ತು. ಈಗ "ನೋಡಿದೆ, ನೋಡಿಯೂ ಬಾಯಿ ಮುಚ್ಕೊಂಡಿದ್ದೆ, ಭಾವ ನಗ್ತಾನೆ ಅಂತ ಹೆದರಿದೆ" ಎನ್ನಬೇಕು. ಇನ್ನಷ್ಟು ಹೊತ್ತು ಹೋದರೆ ಏನೆನ್ನಬೇಕಾಗುತ್ತದೋ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯ ಬಂತಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಯಿತು, ಅಷ್ಟರಮಟ್ಟಿಗೆ ತಾನು ಒಳ್ಳೆಯವನು ಎಂದು. ಆ ಸಮಾಧಾನ ಕಂಡು ಮತ್ತೆ ಅಸಹ್ಯವಾಯಿತು.

ಚಹಾದ ಹೊತ್ತಿಗೆ ಹೆಂಡತಿ ತಟ್ಟೆ ಹಿಡಿದು ಬಂದಳು. ಇವನ ಲೋಟವನ್ನು ಮಾತಿಲ್ಲದೆ ಮುಂದಿಟ್ಟಳು. ತನ್ನ ಲೋಟವನ್ನು ಎಡಗೈಯಲ್ಲಿ ಹಿಡಿದಳು. ಯಾವಾಗಲೂ ಎಡಗೈಯಲ್ಲೇ ಹಿಡಿಯುತ್ತಾಳೆಯೇ? ಇಷ್ಟು ವರ್ಷ ಎದುರಿಗೆ ಕೂತು ಚಹಾ ಕುಡಿದವನಿಗೆ ನೆನಪಾಗಲಿಲ್ಲ. ಬಲಗೈಯ ಬೆರಳುಗಳನ್ನು ಒಂದು ಸಲ ಮಡಿಸಿ ಬಿಡಿಸಿದಳೋ, ಅಥವಾ ಸೀರೆಯಂಚು ಸರಿಮಾಡಿಕೊಂಡಳೋ. ಕೇಳುವಂತಿಲ್ಲ. ಕೇಳಿದರೆ ಯಾಕೆ ಕೇಳಿದಿರಿ ಎನ್ನುತ್ತಾಳೆ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಎಂಥ ಉಪಾಯವೆಂದರೆ ಒಬ್ಬ ಸುರಕ್ಷತಾ ಅಧಿಕಾರಿಗಲ್ಲದೆ ಇನ್ನಾರಿಗೂ ಹೊಳೆಯಲಾರದು. ಸುಟ್ಟುಕೊಂಡವರ ಕೈಗೆ ಮುಲಾಮನ್ನು ಇನ್ನೊಬ್ಬರು ತಿಕ್ಕಬೇಕು. ತಿಕ್ಕುವವರ ಬೆರಳಿಗೂ ಅಷ್ಟೇ ಮುಲಾಮು ಹತ್ತುತ್ತದೆ. ಸುಟ್ಟದ್ದು ತನ್ನ ಬೆರಳು ಎಂದುಬಿಟ್ಟರೆ? ತಿಕ್ಕುವವಳು ಹೆಂಡತಿಯೇ ತಾನೆ. ಮುಲಾಮು ಸೇರಬೇಕಾದಲ್ಲಿಗೆ ಸೇರುತ್ತದೆ, ಮಾತು ಗಂಟಲಲ್ಲೇ ಉಳಿಯುತ್ತದೆ. ಷಡ್ಡಕ ನಗುತ್ತಾನೆ, ನಗಲಿ. ಹೆಂಡತಿಗಾಗಿ ನಗೆಗೀಡಾಗಲು ತಾನು ತಯಾರು ಎಂದು ಅವನಿಗೆ ಎದೆ ತುಂಬಿಬಂತು. ಯಾರಿಗೂ ತಿಳಿಯದಂತೆ ಮಾಡುವ ತ್ಯಾಗವೇ ದೊಡ್ಡದು ಎಂದೂ ಅನ್ನಿಸಿತು. ಎದ್ದು ಬಚ್ಚಲಿಗೆ ಹೋಗಿ, ಮಂಜುಗಾಜಿನ ಕೆಳಗೆ ನಿಂತು, ಯಾವ ಬೆರಳು ಎಂದು ಯೋಚಿಸಿ, ಹೆಚ್ಚು ಕೆಲಸಕ್ಕೆ ಬಾರದ ಎಡಗೈಯ ಕಿರುಬೆರಳನ್ನು ಆರಿಸಿಕೊಂಡ. ಮುಖ ಹೇಗೆ ಕಿವುಚಬೇಕೆಂಬುದನ್ನೂ ಅಲ್ಲೇ ನೋಡಿಕೊಂಡ.

"ಅಯ್ಯೋ" ಎಂದು ಹೊರಬಂದ. "ಗ್ಲೋವ್ಸ್ ಒಳಗೆ ನೀರು ಹೋಗಿತ್ತು ಅನ್ಸುತ್ತೆ. ಬೆರಳು ಒಳಗಿಂದ ಸೆಳೀತಿದೆ."

ಷಡ್ಡಕ ಮೊದಲು ನಂಬಲಿಲ್ಲ, ಆಮೇಲೆ ನಂಬಿದ, ನಂಬಿದ ಮೇಲೆ ಸೋಫಾ ಹಿಡಿದುಕೊಂಡು ನಕ್ಕ. "ಮುನ್ನೆಚ್ಚರಿಕೆನೇ ಕೈ ಸುಟ್ಕೊಂಡಿತಾ! ನಾಳೆ ಇದನ್ನ ನಾನು ಹೇಗಪ್ಪಾ ಹೇಳದೆ ಇರೋದು" ಎಂದು ಕಣ್ಣೊರೆಸಿಕೊಂಡ. ಮಾವ ಮಾತ್ರ ಟಿಕೆಟ್ ಪರೀಕ್ಷೆಯ ದಿನಗಳ ಕಣ್ಣಿನಿಂದ ಅಳಿಯನ ಬೆರಳನ್ನು, ಮುಖವನ್ನು, ಮತ್ತೆ ಬೆರಳನ್ನು ನೋಡಿದರು. ಆದರೆ ಷಡ್ಡಕ ನಗುತ್ತಲೇ ಚಪ್ಪಲಿ ಮೆಟ್ಟಿದ, ನಗುತ್ತಲೇ ಸ್ಕೂಟರ್ ಒದ್ದ, ಬೀರುವಿನ ಕೀಲಿ ತನ್ನ ಹತ್ತಿರವೂ ಇದೆ ಎಂದು ಕೂಗಿ ಹೇಳಿ ಹೋದ. ಹೆಂಡತಿ ನಗಲಿಲ್ಲ. ಮಧ್ಯಾಹ್ನದ ಸಿಟ್ಟನ್ನೆಲ್ಲ ಮರೆತು ಅವನ ಕೈ ಹಿಡಿದು ನಲ್ಲಿಯ ಕೆಳಗೆ ಎಳೆದೊಯ್ದಳು. ನೀರು ಇಬ್ಬರ ಕೈಯ ಮೇಲೂ ಬಿತ್ತು. "ಬೆಳಿಗ್ಗೆಯೇ ಹೇಳೋಕಾಗಲ್ವಾ? ಭಾವ ನಗ್ತಾರೆ ಅಂತ ಸುಮ್ನಿದ್ರಾ? ಏನು ಹುಚ್ಚು ರೀ ನಿಮಗೆ!" ಎಂದು ಬೈಯುತ್ತ ಅಳುತ್ತಿದ್ದಳು. ಬೈಗುಳದ ಒಂದೊಂದು ಮಾತೂ ನಿಜವಾಗಿತ್ತು, ವಿಳಾಸ ಮಾತ್ರ ಬೇರೆ. ಅವಳ ಕೈಯ ಮೇಲೆ ನೀರು ಬೀಳಲಿ ಎಂದು ಅವನು ತನ್ನ ಕೈಯನ್ನು ಆದಷ್ಟು ಕೆಳಗೆ ಹಿಡಿದ. ಅವಳ ಮೇಲೆ ಅವನಿಗೆ ಇಷ್ಟು ಪ್ರೀತಿ ಬಂದದ್ದು ಬಹಳ ಕಾಲದ ಮೇಲೆ. ಆ ಪ್ರೀತಿಯ ಜೊತೆಗೆ ನಾಚಿಕೆಯೂ ಬಂತು, ಎರಡನ್ನೂ ಬೇರ್ಪಡಿಸಲಾಗಲಿಲ್ಲ.

ಷಡ್ಡಕ ಟ್ಯೂಬು ತಂದ. ನಗು ಇನ್ನೂ ಮುಗಿದಿರಲಿಲ್ಲ, ಆದರೆ ಬೆವರಿದ್ದ, ಜೋರಾಗಿಯೇ ಓಡಿಸಿಕೊಂಡು ಬಂದಿದ್ದ. ಟ್ಯೂಬಿಗೆ ರಬ್ಬರ್ ಬ್ಯಾಂಡಿನಿಂದ ತೆಳುವಾದ ಒಂದು ಜೊತೆ ಗ್ಲೋವ್ಸ್ ಸುತ್ತಿತ್ತು. ಹೆಂಡತಿ ಇವನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಸ್ಟೂಲು ಎಳೆದುಕೊಂಡು, ರಬ್ಬರ್ ಬ್ಯಾಂಡ್ ಬಿಚ್ಚಿ, ಗ್ಲೋವ್ಸನ್ನು ಕೈಗೆ ಏರಿಸಿಕೊಳ್ಳತೊಡಗಿದಳು.

"ಅದ್ಯಾಕೆ? ಬೇಡ ಬಿಡು" ಎಂದ.

"ಸುಮ್ನಿರಿ. ಸಹಾಯ ಮಾಡೋರು ಬರಿಗೈಯಲ್ಲಿ ಮುಟ್ಟಬಾರದು ಅಂತ ನೀವೇ ಒಪ್ಪಿಸ್ತಾ ಇರ್ತೀರಲ್ಲ. ಮನೇಲಿ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ."

"ಇಷ್ಟಕ್ಕೆಲ್ಲ ಬೇಕಾಗಲ್ಲ..."

"ಆಗಲ್ಲ ಅಂತ ಹೇಳೋಕೆ ನೀವೇನು ಡಾಕ್ಟರಾ?" ಎಂದು ಹೆಂಡತಿಯ ಅಕ್ಕ ನಡುವೆ ಬಾಯಿ ಹಾಕಿದಳು. "ಅವಳು ನಿಯಮದ ಪ್ರಕಾರ ಮಾಡ್ತಿದ್ದಾಳೆ, ಮಾಡ್ಲಿ."

ಗ್ಲೋವ್ಸ್ ತೊಟ್ಟ ಬೆರಳುಗಳು ಅವನ ಆರೋಗ್ಯವಂತ ಕಿರುಬೆರಳನ್ನು ಹಿಡಿದು ಮುಲಾಮು ತಿಕ್ಕತೊಡಗಿದವು. ಮುಲಾಮು ತಣ್ಣಗಿತ್ತು. ಅವಳು ಜಾಗ್ರತೆಯಿಂದ, ಮಗುವಿನ ಕೈ ಹಿಡಿದವಳಂತೆ ತಿಕ್ಕುತ್ತಿದ್ದಳು. ಟ್ಯೂಬಿನಲ್ಲಿದ್ದದ್ದು ಖರ್ಚಾಗುತ್ತಿತ್ತು. ತಿಕ್ಕುವಾಗ ನಡುನಡುವೆ ಅವಳ ಹುಬ್ಬು ಗಂಟಿಕ್ಕುವುದನ್ನು ಅವನು ಕಂಡ. ಅದು ತನ್ನ ಮೇಲಿನ ಕಾಳಜಿ ಎಂದುಕೊಳ್ಳಲು ನೋಡಿದ. ಬಲಗೈ ನಿಲ್ಲಿಸಿ ಒಂದು ಸಲ ಕೊಡವಿದಳು, ಮತ್ತೆ ತಿಕ್ಕಿದಳು.

"ಗ್ಲೋವ್ಸ್ ತೆಗಿ" ಎಂದ. ಧ್ವನಿ ತನ್ನದಲ್ಲವೆನ್ನಿಸಿತು.

"ಯಾಕ್ರೀ?"

"ನನಗೇನೂ ಆಗಿಲ್ಲ. ಸುಟ್ಟಿರೋದು ನಿನ್ನ ಕೈ."

ಷಡ್ಡಕನ ನಗು ನಿಂತಿತು. ಅವಳು ಅವನ ಬೆರಳನ್ನು ಹಿಡಿದುಕೊಂಡೇ ಇದ್ದಳು.

"ಬೆಳಿಗ್ಗೆ ಕಟ್ಟೆ ಒರೆಸಿದೆಯಲ್ಲ, ಬಟ್ಟೆ ಹಿಂಡಿದೆಯಲ್ಲ. ಅದು ಬರೀ ನೀರಲ್ಲ. ನಾನು ಹಾಗನ್ನಬಾರದಿತ್ತು."

ಅವಳು ಗ್ಲೋವ್ಸ್ ಒಳಗಿನ ತನ್ನ ಕೈಗಳನ್ನು ನೋಡಿಕೊಂಡಳು. "ನೀವು ಯಾವಾಗ ನೋಡಿದ್ರಿ?" ಎಂದು ಕೇಳಿದಳು.

"ಪಾಪ, ಈಗ ನೆನಪಾಗಿರಬೇಕು ಕಣಮ್ಮಾ" ಎಂದ ಷಡ್ಡಕ ಮೆಲ್ಲಗೆ. ಜೀವಮಾನದಲ್ಲಿ ಮೊದಲ ಸಲ ಅವನು ಇವನ ಪರವಾಗಿ ಮಾತಾಡಿದ್ದ. ಹಾಗೇ ತಲೆಯಾಡಿಸಿಬಿಟ್ಟರೆ ಸಾಕಿತ್ತು. ಹೌದು, ಈಗ ಹೊಳೀತು ಎಂದರೆ ಇಲ್ಲಿರುವ ಯಾರೂ ಅಲ್ಲಗಳೆಯುವಂತಿರಲಿಲ್ಲ, ಸಮಯಕ್ಕೆ ಸರಿಯಾಗಿ ಹೇಳಿದ ಎಂದು ಹೊಗಳುತ್ತಲೂ ಇದ್ದರೇನೋ. ಮಾತು ನಾಲಗೆಯ ತುದಿಗೆ ಬಂತು. ಅವಳು ಕಾಯುತ್ತಿದ್ದಳು.

"ಆಗಲೇ" ಎಂದ. "ನೀನು ಹಿಂಡ್ತಿರೋವಾಗಲೇ ನೋಡಿದೆ."

ಮಾವ ಕುರ್ಚಿಯಿಂದ ಎದ್ದು ಮಗಳ ಹಿಂದೆ ಬಂದು ನಿಂತರು. "ಚಹಾಕ್ಕಿಡೋವಾಗಿಂದ ಬೆರಳು ಒಳಗೊಳಗೇ ಸೆಳೀತಿತ್ತು" ಎಂದಳು ಅವಳು, ಅವನಿಗೆ ಹೇಳುತ್ತಿರುವಂತಲ್ಲ, ತಾನೇ ಲೆಕ್ಕ ಹಾಕಿಕೊಳ್ಳುತ್ತಿರುವಂತೆ. "ಕೆಲಸ ಜಾಸ್ತಿ ಆಯ್ತೇನೋ ಅಂದ್ಕೊಂಡೆ. ಊಟಕ್ಕೆ ಕೂತಾಗ ನೀವು ಕೇಳಿದ್ದು ಇದಕ್ಕಾ." ಅದು ಪ್ರಶ್ನೆಯಾಗಿರಲಿಲ್ಲ. ಗ್ಲೋವ್ಸನ್ನು ಒಂದೊಂದಾಗಿ ಕಳಚಿ ಅವನ ತೊಡೆಯ ಮೇಲಿಟ್ಟಳು. ಬಲಗೈಯ ಬೆರಳತುದಿಗಳು ನಸುವಾಗಿ ಬಿಳಿಚಿಕೊಂಡಿದ್ದವು. ಹುಡುಕುವವರಿಗೆ ಮಾತ್ರ ಕಾಣುವಷ್ಟು. "ಹಾಕ್ಕೊಳ್ಳಿ" ಎಂದಳು.

ಅವನು ಹಾಕಿಕೊಂಡ. ಅವು ಅವನ ಕೈಗೆ ಬಿಗಿಯಾಗಿದ್ದವು. ಷಡ್ಡಕ, "ಆಸ್ಪತ್ರೆಗೆ ಹೋಗೋಣ, ನಾನು ಗಾಡಿ ತರ್ತೀನಿ, ಅಲ್ಲೀವರೆಗೂ ಹಚ್ತಿರು" ಎಂದು ಇವನ ಮುಖ ನೋಡದೆ ಹೇಳಿ ಹೊರಗೆ ಹೋದ. ಅಕ್ಕ ತಂಗಿಯ ಬಟ್ಟೆ ತರಲು ಒಳಗೆ ಹೋದಳು. ಹೆಂಡತಿ ಕೈ ಚಾಚಿದಳು. ಟ್ಯೂಬಿನಲ್ಲಿ ಉಳಿದದ್ದನ್ನು ಅವನು ಬುಡದಿಂದ ಒತ್ತಿ ತೆಗೆದು ಅವಳ ಬೆರಳಿಗೆ ಬಳಿದು ತಿಕ್ಕತೊಡಗಿದ. ಒಂದೊಂದೇ ಬೆರಳು, ಉಗುರಿನ ಪಕ್ಕದ ಸಿಪ್ಪೆ ಎದ್ದ ಜಾಗ, ಬೆರಳ ಸಂದಿ. ರಬ್ಬರಿನ ಮೂಲಕ ಅವಳ ಕೈ ಬೆಚ್ಚಗಿದೆಯೋ ತಣ್ಣಗಿದೆಯೋ ತಿಳಿಯುತ್ತಿರಲಿಲ್ಲ. ನೋವು ಹೋಗುವವರೆಗೆ ಹಚ್ಚುತ್ತಿರಬೇಕು ಎಂಬುದು ನಿಯಮ. ಹೋಯಿತೋ ಇಲ್ಲವೋ ಎಂದು ನೋಡಿ ಹೇಳಬಲ್ಲ ಯಾವ ಅಧಿಕಾರಿಯೂ ಇಲ್ಲ, ನೋವಿರುವವರೇ ಹೇಳಬೇಕು.

ತುಂಬ ಹೊತ್ತು ತಿಕ್ಕಿದ ಮೇಲೆ, "ಕಡಿಮೆ ಆಯ್ತಾ?" ಎಂದು ಕೇಳಿದ.

ಅವಳು ಕೈಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ" ಎಂದಳು.

ಅವನು ತಲೆ ತಗ್ಗಿಸಿ ತಿಕ್ಕುತ್ತ ಹೋದ.